ಕರಾಮದ ಗುರಿಕಾರ

ನಾನು ಜೀವಮಾನದಲ್ಲಿ ಗೆದ್ದದ್ದು ಎರಡು ಚುನಾವಣೆ. ಎರಡೂ ನಡೆದದ್ದು ದುಬೈಯ ಕರಾಮದಲ್ಲಿ, ನಾವು ಬಾಡಿಗೆಗಿದ್ದ ಹಳೆಯ ಕಟ್ಟಡದ ಟೆರೇಸಿನ ಮೇಲೆ, ಬಟ್ಟೆ ಒಣಹಾಕುವ ಹಗ್ಗಗಳ ಅಡಿಯಲ್ಲಿ. ಮತಪೆಟ್ಟಿಗೆ ಇರಲಿಲ್ಲ, ಕೈ ಎತ್ತಿದರೆ ಸಾಕಿತ್ತು. ಹುದ್ದೆಯ ಹೆಸರು ಗುರಿಕಾರ.

ನಮ್ಮ ಕರಾವಳಿಯಲ್ಲಿ ಗುರಿಕಾರ ಅಂದರೆ ಸಮುದಾಯದ ಹಿರಿಯ. ಮದುವೆಯಲ್ಲಿ ಮುಂದೆ ಕೂರುವವನು, ಜಗಳದಲ್ಲಿ ನಡುವೆ ಕೂರುವವನು. ಕೆಲವರಲ್ಲಿ ಅದು ಮನೆತನದಿಂದ ಬರುತ್ತದೆ, ಕೆಲವರಲ್ಲಿ ಹತ್ತು ಜನ ಸೇರಿ ಆರಿಸುತ್ತಾರೆ. ಕ್ರೈಸ್ತರಲ್ಲಿ ಇಗರ್ಜಿಯ ವಾರ್ಡಿಗೊಬ್ಬ ಗುರ್ಕಾರ ಇರುತ್ತಾನೆ. ಬ್ಯಾರಿ ಮುಸ್ಲಿಮರಲ್ಲಿ ಆ ಕೆಲಸ ಮಸೀದಿಯ ಜಮಾತಿನದು. ನಮ್ಮ ಕಟ್ಟಡದಲ್ಲಿ ಈ ಎಲ್ಲರೂ ಇದ್ದರು, ಉಡುಪಿಯಿಂದ ಉಳ್ಳಾಲದವರೆಗಿನವರು. ಒಂದೊಂದು ಫ್ಲ್ಯಾಟಿನಲ್ಲಿ ಎರಡೆರಡು ಸಂಸಾರ, ಒಂದೇ ಅಡುಗೆಮನೆ, ಒಂದೇ ಬಚ್ಚಲು. ಅಲ್ಲಿ ಜಗಳ ಆಗದಿದ್ದರೆ ಆಶ್ಚರ್ಯಪಡಬೇಕಿತ್ತು. ಹಾಗಾಗಿ ನಾವು ಹೋಗುವ ಮೊದಲೇ ಯಾರೋ ಈ ಏರ್ಪಾಡು ಮಾಡಿಟ್ಟಿದ್ದರು. ಎ.ಸಿ. ಬೇಡವಾಗುವ ನವೆಂಬರಿನಲ್ಲಿ, ಒಂದು ಶುಕ್ರವಾರ ಸಂಜೆ, ಎಲ್ಲರೂ ಟೆರೇಸಿಗೆ ಹತ್ತಿ ಒಂದು ವರ್ಷಕ್ಕೆ ಒಬ್ಬ ಗುರಿಕಾರನನ್ನು ಆರಿಸುತ್ತಿದ್ದರು.

ಅವನ ಅಧಿಕಾರ ಎಷ್ಟು ಅಂತ ಎಲ್ಲರಿಗೂ ಗೊತ್ತಿತ್ತು. ನಿಜವಾದ ವ್ಯಾಜ್ಯಕ್ಕೆ ಆ ದೇಶದ ಪೊಲೀಸರಿದ್ದಾರೆ, ಕೋರ್ಟಿದೆ. ಗುರಿಕಾರನಿಗೆ ಬರುವುದು ಮೀನು ತೊಳೆದ ನೀರು, ಯಾರ ಚಪ್ಪಲಿ ಯಾರ ಬಾಗಿಲಲ್ಲಿ, ವಾಷಿಂಗ್ ಮಶೀನು ಯಾವ ಹೊತ್ತಿಗೆ ಯಾರದ್ದು, ಇಂಥವು. ಅವನು ಯಾರನ್ನೂ ಹಿಡಿಯುವಂತಿಲ್ಲ, ಹೇಳಬಹುದು ಅಷ್ಟೆ. ಹೇಳಿದ ಮೇಲೆ ಎರಡೂ ಕಡೆಯವರು ಗುರಿಕಾರನ ಮನೆಗೆ ಬಂದು ಒಟ್ಟಿಗೆ ಕೂತು ಚಾ ಕುಡಿಯಬೇಕು. ಕುಡಿದರೆ ತೀರ್ಪು ಒಪ್ಪಿದ ಹಾಗೆ. ಕುಡಿಯದೆ ಎದ್ದು ಹೋದವರಿಗೆ ಆ ವರ್ಷ ಟೆರೇಸಿನಲ್ಲಿ ಹಗ್ಗವಿಲ್ಲ. ಟೆರೇಸಿನ ಬೀಗದ ಕೈ ಗುರಿಕಾರನ ಹತ್ತಿರವೇ ಇರುತ್ತಿತ್ತು. ಶಿಕ್ಷೆ ಅಂತ ಇದ್ದದ್ದು ಅದೊಂದೇ. ಕೋಣೆಯೊಳಗೆ ಬಟ್ಟೆ ಒಣಗಿಸಿ ನೋಡಿದವರಿಗೆ ಅದು ಸಣ್ಣ ಶಿಕ್ಷೆಯಲ್ಲ ಅಂತ ಗೊತ್ತು.

ನಾನು ಮೊದಲ ಸಲ ಗೆದ್ದ ವರ್ಷ, ಹಳೆಯ ಗುರಿಕಾರರು ಕೆಲಸ ಮುಗಿಸಿ ಊರಿಗೆ ಹೊರಟಿದ್ದರು. ಅವರ ಜಾಗಕ್ಕೆ ಎಂಥವರು ಬೇಕು ಅಂತ ಟೆರೇಸಿನಲ್ಲಿ ಚರ್ಚೆ ಶುರುವಾಯಿತು. ನಡೆಸಿಕೊಟ್ಟವರು ಕೆಳಗಿನ ಮಾಳಿಗೆಯ ಹಾಜಿಯವರು. ಬಟ್ಟೆ ಅಂಗಡಿ ಇಟ್ಟಿದ್ದ ಬ್ಯಾರಿ ವ್ಯಾಪಾರಿ, ಕಟ್ಟಡದಲ್ಲೇ ಹಿರಿಯರು. ಮೀಟರ್ ಕೋಲಿನಲ್ಲಿ ಅಳೆದಂತೆ ಮಾತಾಡುವವರು.

"ಸಂಜೆ ಮನೆಯಲ್ಲಿ ಇರುವವರು ಬೇಕು," ಅಂದರು ಹಾಜಿಯವರು. "ನಾನು ಅಂಗಡಿ ಮುಚ್ಚಿ ಬರುವಾಗ ನಿಮ್ಮ ಜಗಳ ಎಲ್ಲ ತಣಿದಿರ್ತದೆ. ಹಾಗಾಗಿ ನಾನು ಬೇಡ."

ಒಬ್ಬರು ಹೇಳಿದರು, ಕುಡಿಯುವವರು ಬೇಡ. ಇಬ್ಬರು ಆಕಾಶ ನೋಡಿದರು. ಇನ್ನೊಬ್ಬರು, ಕಟ್ಟಡದಲ್ಲಿ ಯಾರ ಜೊತೆಗೂ ಒಂದೇ ಕಂಪೆನಿಯಲ್ಲಿ ಕೆಲಸ ಮಾಡುವವರು ಬೇಡ ಅಂದರು. ಅಲ್ಲಿಗೆ ಎರಡನೇ ಮಾಳಿಗೆ ಪೂರ್ತಿ ಹೋಯಿತು. ಮಾತು ಕೊಡುವ ಮೊದಲು ಹೆಂಡತಿಯನ್ನು ಕೇಳುವವರು ಬೇಡ ಅಂತ ಒಂದು ಹೆಣ್ಣುದನಿ ಬಂತು. ಗಂಡಸರಲ್ಲಿ ಉಳಿದವರೂ ಹೋದರು. ಒಂದೊಂದು ಅರ್ಹತೆ ಹೇಳುವಾಗಲೂ ಹೇಳುವವರ ಕಣ್ಣು ಒಬ್ಬೊಬ್ಬರ ಮೇಲಿತ್ತು. ನಾನು ಗೋಡೆಗೆ ಒರಗಿ ನೋಡುತ್ತಿದ್ದೆ. ಯೋಗ್ಯರನ್ನು ಹುಡುಕುತ್ತಿದ್ದೇವೆ ಅಂತ ಹೇಳಿಕೊಂಡು ನಾವು ಮಾಡುತ್ತಿದ್ದದ್ದು ಆಗದವರನ್ನು ಹೊರಗಿಡುವ ಕೆಲಸ. ಎಲ್ಲ ಕಡೆಯೂ ಹೀಗೆಯೇ ಇರಬೇಕು.

ಕೊನೆಗೆ ಬಂದದ್ದು ಸಂಸಾರದ ಮಾತು. "ಗಂಡ, ಹೆಂಡತಿ, ಮಕ್ಕಳು ಇಲ್ಲೇ ಜೊತೆಯಲ್ಲಿ ಇರಬೇಕು," ಅಂತ ಹಾಜಿಯವರು. "ಬ್ಯಾಚುಲರ್‌ಗಳು ಬೇಡ. ಹೆಂಗಸರ ಅಡುಗೆಮನೆಗೆ ಹೋಗಿ ಕೂತು ಕೇಳ್ಬೇಕಾಗ್ತದೆ."

ಗಲ್ಫಿನಲ್ಲಿ ಸಂಸಾರವನ್ನು ಊರಲ್ಲಿ ಬಿಟ್ಟು ಬಂದವರೆಲ್ಲ ಬ್ಯಾಚುಲರ್‌ಗಳೇ. ನಮ್ಮದೇ ಫ್ಲ್ಯಾಟಿನ ಹಾಲಿನಲ್ಲಿ ಹಲಗೆ ಅಡ್ಡ ಕಟ್ಟಿಕೊಂಡು ಅಂಥವರು ನಾಲ್ವರಿದ್ದರು. ಅವರಲ್ಲಿ ಎ.ಸಿ. ರಿಪೇರಿಯ ಫೋರ್‌ಮನ್ ಒಬ್ಬ ಎದ್ದು ನಿಂತ. "ನನಗೆ ಮೂರು ಮಕ್ಕಳಿದ್ದಾರೆ ಮಾರಾಯ್ರೆ. ದೊಡ್ಡದು ಎಸ್ಸೆಸ್ಸೆಲ್ಸಿ. ನಾನು ಬ್ಯಾಚುಲರಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವನೂ ನಕ್ಕು ಕೂತ.

ಹೀಗೆ ಕಳೆಯುತ್ತ ಕಳೆಯುತ್ತ ಉಳಿದವಳು ನಾನೊಬ್ಬಳೇ. ಒಂದು ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ಕೆಲಸ, ಸಂಜೆ ಆರಕ್ಕೆ ಮನೆ. ಗಂಡ ಅಲ್ ಕುಸೈಸಿನ ಒಂದು ಗೋದಾಮಿನ ಆಫೀಸಿನಲ್ಲಿ. ಊದ್ ಮೇಥಾದ ಶಾಲೆಯಲ್ಲಿ ಯುಕೆಜಿ ಓದುವ ಒಬ್ಬಳು ಮಗಳು. ಎಲ್ಲ ಅರ್ಹತೆಯೂ ಕೂಡಿ ಬಂದಿತ್ತು.

"ಆದ್ರೆ ಅಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲಿ," ಅಂತ ಯಾರೋ ಹಿಂದಿನಿಂದ ಅಂದರು.

"ಇರ್ಲಿ," ಅಂದರು ಹಾಜಿಯವರು. "ಸಿಟ್ಟು ಬರುವವರನ್ನು ಪುಸಲಾಯಿಸ್ಲಿಕ್ಕೆ ಆಗುದಿಲ್ಲ."

ಕೈಗಳು ಎದ್ದವು. ಬೀಗದ ಕೈ ನನ್ನದಾಯಿತು. ಮಂಗಳೂರಿನಲ್ಲಿರುವ ನನ್ನ ಅಕ್ಕನಿಗೆ ಫೋನು ಮಾಡಿ ಹೇಳಿದಾಗ ಅವಳು, "ದುಬೈಗೆ ಹೋಗಿ ಇದಾ ನೀನು ಸಂಪಾದಿಸಿದ್ದು?" ಅಂತ ಬಿದ್ದು ಬಿದ್ದು ನಕ್ಕಳು.

ಮೊದಲ ತಿಂಗಳುಗಳು ಸಲೀಸಾಗಿ ಹೋದವು. ಒಣಮೀನು ಹುರಿಯುವುದಕ್ಕೆ ಒಂದು ಹೊತ್ತು ಗೊತ್ತುಮಾಡಿದೆ. ಶಿಲುಬೆಯ ಕ್ಯಾಲೆಂಡರೂ ಗಣಪತಿಯ ಕ್ಯಾಲೆಂಡರೂ ಒಂದೇ ಮೊಳೆಗಾಗಿ ಜಗಳವಾಡಿದಾಗ ಎರಡನೇ ಮೊಳೆ ಹೊಡೆಸಿದೆ. ನನಗೆ ಆ ಕೆಲಸ ಇಷ್ಟವಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ದಿನವಿಡೀ ಯಾರೂ ನನ್ನ ಮಾತು ಕೇಳುತ್ತಿರಲಿಲ್ಲ. ಇಲ್ಲಿ ದೊಡ್ಡ ದೊಡ್ಡ ಗಂಡಸರು ನನ್ನ ಚಾ ಕುಡಿದು ತಲೆಯಾಡಿಸಿ ಹೋಗುತ್ತಿದ್ದರು.

ಏಪ್ರಿಲಿನಲ್ಲಿ ಬಿಸಿಲು ಏರುವ ಹೊತ್ತಿಗೆ ಮೂರನೇ ಮಾಳಿಗೆಯ ವಿಷಯ ಬಂತು.

ಆ ಫ್ಲ್ಯಾಟು ಬಾಯಮ್ಮನವರದು. ಐವತ್ತು ದಾಟಿದ ಕೊಂಕಣಿ ಹೆಂಗಸು. ಹಗಲು ಹೊತ್ತು ಕಟ್ಟಡದ ಐದು ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ತಾಯಂದಿರು ಕೆಲಸಕ್ಕೆ ಹೋಗುತ್ತಿದ್ದದ್ದೇ ಅವರ ಧೈರ್ಯದ ಮೇಲೆ. ಅವರ ಒಳಗಿನ ಕೋಣೆಗೆ ಹೊಸದಾಗಿ ಬಾಡಿಗೆಗೆ ಬಂದವಳು ಉಡುಪಿ ಕಡೆಯ ಒಬ್ಬಳು ನರ್ಸು. ಗಂಡ ಅವಳ ವೀಸಾದ ಮೇಲೆ ಬಂದು ಕೆಲಸ ಹುಡುಕುತ್ತಿದ್ದ. ಅವಳಿಗೆ ಪ್ರೊಬೇಷನ್ ಮುಗಿಯುವವರೆಗೆ ಬರೀ ರಾತ್ರಿಪಾಳಿ. ಬೆಳಿಗ್ಗೆ ಎಂಟಕ್ಕೆ ಬಂದು ಮಲಗಬೇಕು. ಬಾಯಮ್ಮನ ಹಾಲಿನಲ್ಲಿ ಮಕ್ಕಳು ಬಂದು ಸೇರುವುದೂ ಎಂಟಕ್ಕೇ. ಕೋಣೆ ಬದಲಿಸೋಣವೆಂದರೆ ಅವಳ ಆಸ್ಪತ್ರೆಯ ರಾತ್ರಿಬಸ್ಸು ನಿಲ್ಲುತ್ತಿದ್ದದ್ದು ನಮ್ಮ ರಸ್ತೆಯಲ್ಲಿ ಮಾತ್ರ, ಮತ್ತು ಸುತ್ತಮುತ್ತ ಸಂಸಾರಸ್ಥರಿಗೆ ಕೋಣೆ ಖಾಲಿ ಇರಲಿಲ್ಲ.

ಬಾಯಮ್ಮನ ಆ ಐದು ಮಕ್ಕಳಲ್ಲಿ ಒಬ್ಬಳು ನನ್ನ ಮಗಳು. ಶಾಲೆಯ ಬಸ್ಸು ಮಧ್ಯಾಹ್ನ ಅವಳನ್ನು ಇಳಿಸಿದರೆ ಸಂಜೆ ಆರರವರೆಗೆ ಅವಳು ಬಾಯಮ್ಮನ ಸೊತ್ತು.

ಅದಕ್ಕೇ ನಾನು ಮೊದಲೇ ಹೇಳಿದೆ. ಬಾಯಮ್ಮನ ಅಡುಗೆಮನೆಯಲ್ಲಿ ಅವರನ್ನೂ ನರ್ಸನ್ನೂ ಎದುರು ಕೂರಿಸಿಕೊಂಡು, "ಇದರಲ್ಲಿ ನನ್ನ ಮಗುವೂ ಉಂಟು. ಇದಕ್ಕೆ ನಾನು ಬೇಡ, ಬೇರೆ ಯಾರಾದ್ರೂ ಹೇಳ್ಲಿ," ಅಂದೆ.

"ಬೇರೆ ಯಾರು ಇರುದು?" ಅಂದರು ಬಾಯಮ್ಮ. "ಅಷ್ಟೆಲ್ಲ ಸೋಸಿ ಸೋಸಿ ನಿಮ್ಮನ್ನು ಮಾಡಿದ್ದಲ್ವಾ?"

ನರ್ಸು ತಲೆ ತಗ್ಗಿಸಿ ಕೂತಿದ್ದಳು. ಕಣ್ಣು ಊದಿತ್ತು. "ನಿಮ್ಮ ಮಗು ಅಲ್ಲಿ ಇರುದು ನನಗೆ ಗೊತ್ತುಂಟು ಅಕ್ಕ," ಅಂದಳು. "ಆದ್ರೂ ನೀವೇ ಹೇಳಿ. ಬೇರೆಯವರು ಹೇಳಿದ್ರೆ ಬಾಯಮ್ಮ ಕೇಳುದಿಲ್ಲ. ನೀವು ಹೇಳಿದ್ರೆ ಕೇಳ್ತಾರೆ."

ಬಾಯಮ್ಮ ಇಲ್ಲ ಅನ್ನಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಇವಳು ಎಷ್ಟು ಮೆತ್ತಗೆ ಮಾತಾಡಿ ನನ್ನನ್ನು ಎಲ್ಲಿ ತಂದು ನಿಲ್ಲಿಸಿದಳು ಅಂತ. ಅವಳ ಮಾತು ಸರಿಯಾಗಿತ್ತು, ಅದಕ್ಕೇ ಹೆಚ್ಚು ಸಿಟ್ಟು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ, ರಾಜಿ. ಮಕ್ಕಳನ್ನು ಬಾಯಮ್ಮನ ಮಲಗುವ ಕೋಣೆಗೆ ಹಾಕಿ ಬಾಗಿಲು ಮುಚ್ಚುವುದು. ಕುರ್ಚಿಯ ಕಾಲುಗಳಿಗೆ ಹಳೆ ಬಟ್ಟೆ ಕಟ್ಟುವುದು. ಹೊರಗೆ ಸುಡುವ ಮುಂಚೆ ಒಂದಿಷ್ಟು ಹೊತ್ತು ಪಾರ್ಕಿಗೆ ಕರೆದುಕೊಂಡು ಹೋಗುವುದು. ಬಾಯಮ್ಮ ಪಾಪ ಎಲ್ಲವನ್ನೂ ಮಾಡಿದರು. ಆದರೆ ಅವರ ಹತ್ತಿರ ಹಲ್ಲು ಬರುತ್ತಿದ್ದ ಒಂದು ಕೂಸಿತ್ತು. ಅದಕ್ಕೆ ರಾಜಿಪಂಚಾಯಿತಿ ಅರ್ಥವಾಗುವುದಿಲ್ಲ.

ವಾರ ಕಳೆದ ಮೇಲೆ ನರ್ಸು ಒಬ್ಬಳೇ ಬಂದಳು. ರಾತ್ರಿ ವಾರ್ಡಿನಲ್ಲಿ ಒಬ್ಬರ ಔಷಧಿ ಇನ್ನೊಬ್ಬರ ಹಾಸಿಗೆಯ ತನಕ ಒಯ್ದಿದ್ದಳಂತೆ. ಜೊತೆಯವಳು ನೋಡಿ ತಡೆದಳಂತೆ. "ಇನ್ನೊಂದು ಸಲ ಆದ್ರೆ ಕೆಲಸ ಹೋಗ್ತದೆ ಅಕ್ಕ. ನಾವಿಬ್ಬರೂ ವಾಪಸ್," ಅಂದಳು. ಆಮೇಲೆ, "ಅದಕ್ಕಿಂತ ಆ ಅಜ್ಜನಿಗೆ ಎಂತಾದ್ರೂ ಆಗ್ತಿದ್ರೆ?" ಅಂದಳು.

ಆಸ್ಪತ್ರೆಯ ರೆಕಾರ್ಡಿನಲ್ಲಿ ಕೂತವಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿದ್ದೆಗೆಟ್ಟ ನರ್ಸು ಎಂದರೆ ಏನು ಅಂತ ನನಗೆ ಗೊತ್ತು.

ಮನೆಯಲ್ಲಿ ಗಂಡನಿಗೆ ಹೇಳಿದೆ. "ನಿನಗೆ ಆಗುದಿಲ್ಲಾಂತ ಬೀಗದ ಕೈ ಕೊಟ್ಟು ಬಾ. ಖಲಾಸ್," ಅಂದರು. ಸುಲಭದ ದಾರಿ ಅದೇ. ಕೊಟ್ಟಿದ್ದರೆ ಬೇರೆ ಯಾರೂ ಬಾಯಮ್ಮನ ತಂಟೆಗೆ ಹೋಗುತ್ತಿರಲಿಲ್ಲ. ಮಕ್ಕಳು ಅಲ್ಲೇ ಇರುತ್ತಿದ್ದರು, ನರ್ಸು ಹೇಗೋ ಇರುತ್ತಿದ್ದಳು ಅಥವಾ ಹೋಗುತ್ತಿದ್ದಳು. ಕೊಡದಿದ್ದರೆ ಮಗಳನ್ನು ಮಧ್ಯಾಹ್ನ ಯಾರ ಹತ್ತಿರ ಬಿಡುವುದು? ನಮ್ಮ ಹಾಲಿನಲ್ಲಿ ನಾಲ್ವರು ಗಂಡಸರು. ಬಸ್ಸಿಳಿದ ಮಗುವನ್ನು ಕರೆದುಕೊಂಡು ಹೋಗುವಷ್ಟು ಹತ್ತಿರದಲ್ಲಿ ಬೇರೆ ಯಾರೂ ಇರಲಿಲ್ಲ. ಇದ್ದದ್ದು ಮಂಗಳೂರಿನಲ್ಲಿ ಅಕ್ಕನ ಮನೆ, ಅವಳ ಇಬ್ಬರು ಮಕ್ಕಳ ಜೊತೆಗೆ ಮೂರನೆಯದಾಗಿ.

ಎರಡು ದಿನ ನಾನು ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಶುಕ್ರವಾರ ಊಟದ ಮೇಲೆ ಮೂರನೇ ಮಾಳಿಗೆಗೆ ಹತ್ತಿ, ನಿಂತುಕೊಂಡೇ ಹೇಳಿದೆ. "ಇವಳ ಪ್ರೊಬೇಷನ್ ಮುಗಿಯುವವರೆಗೆ ಈ ಮನೆಯಲ್ಲಿ ಹಗಲು ಮಕ್ಕಳು ಬೇಡ."

ಬಾಯಮ್ಮ ಸ್ಟವ್ ಆರಿಸಿದರು. "ನಿಮ್ಮದನ್ನು?"

"ನನ್ನದೂ ಬೇಡ."

"ಅವಳು ಎಲ್ಲಿಗೆ ಹೋಗುದು?"

"ಊರಿಗೆ."

ಬಾಯಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, "ಯಲ್ಲಾ, ಹೋಗುವ, ಚಾ ಮಾಡಿ," ಅಂದರು.

ನಮ್ಮ ಕೋಣೆಯಲ್ಲಿ ಮಂಚದ ಮೇಲೆ ಬಾಯಮ್ಮ, ಇದ್ದ ಒಂದೇ ಕುರ್ಚಿಯಲ್ಲಿ ನರ್ಸು. ನಾನು ಸಕ್ಕರೆ ಹಾಕುವುದನ್ನು ಮರೆತಿದ್ದೆ. ಇಬ್ಬರೂ ಹಾಗೇ ಕುಡಿದರು. ಮಗಳು ಬಾಯಮ್ಮನ ಮಡಿಲಿಗೆ ಹತ್ತಿ ಕೂತು, "ವೈ ಇಸ್ ಎವ್ರಿಬಡಿ ಸೋ ಕ್ವಯಟ್?" ಅಂತ ಕೇಳಿದಳು. ಅವಳು ಯಾವಾಗಲೂ ಇಂಗ್ಲಿಷಿನಲ್ಲೇ. ಕನ್ನಡದಲ್ಲಿ ಮಾತಾಡು ಮಾರಾಯ್ತಿ ಅಂತ ನಾನು ಎಷ್ಟು ಬೇಡಿಕೊಂಡರೂ, ಬೈದರೂ, ಇಂಗ್ಲಿಷಿನಲ್ಲೇ ಉತ್ತರ. ಬಾಯಮ್ಮ ಅವಳ ತಲೆ ಸವರುತ್ತ ಚಾ ಮುಗಿಸಿದರು. ಲೋಟವನ್ನು ತಾವೇ ತೊಳೆದಿಟ್ಟು ಹೋದರು.

ಐವರಲ್ಲಿ ಮೂರು ಮಕ್ಕಳಿಗೆ ಹೇಗೋ ದಾರಿಯಾಯಿತು. ಕೂಸಿನ ತಾಯಿ ರಜೆ ಹಾಕಿದಳು. ನನ್ನ ಮಗಳು ಊರಿಗೆ ಹೊರಟಿದ್ದ ಒಂದು ಪರಿಚಯದ ಸಂಸಾರದ ಜೊತೆ ಮೇ ತಿಂಗಳಲ್ಲಿ ಹೋದಳು. ಬರೀ ಕೆಲವು ತಿಂಗಳು ಅಂದುಕೊಂಡಿದ್ದೆವು. ಆದರೆ ಜೂನಿಗೆ ಅಲ್ಲಿ ಶಾಲೆ ಶುರು. ಮಗುವನ್ನು ಮನೆಯಲ್ಲಿ ಕೂರಿಸುವುದು ಹೇಗೆ ಅಂತ ಅಕ್ಕ ಸೇರಿಸಿಬಿಟ್ಟಳು. ಇಲ್ಲಿ ನಾವು ಬಿಟ್ಟ ಸೀಟು ಬೇರೆಯವರಿಗೆ ಹೋಯಿತು. ಆರು ತಿಂಗಳು ಹೊರಗಿದ್ದರೆ ವೀಸಾ ತಾನಾಗಿ ರದ್ದಾಗುತ್ತದೆ, ಅದೂ ಆಗುವುದರಲ್ಲಿತ್ತು. ಒಂದೊಂದೂ ಸಣ್ಣ ಕಾರಣ, ಯಾವುದನ್ನೂ ಬೈಯುವಂತಿರಲಿಲ್ಲ.

ಆಗಸ್ಟಿನಲ್ಲಿ ನರ್ಸಿನ ಪ್ರೊಬೇಷನ್ ಮುಗಿಯಿತು. ಹಗಲುಪಾಳಿ ಸಿಕ್ಕಿತು. ಗಂಡನಿಗೂ ಒಂದು ಹೋಟೆಲಿನಲ್ಲಿ ಕೆಲಸವಾಯಿತು. ಮಿಠಾಯಿಯ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದವಳು ಅದನ್ನು ನನ್ನ ಕೈಗಿಟ್ಟು ನಿಂತಳು. ಒಳ್ಳೆಯದಾಯಿತು ಅಂದೆ. ನಿಜವಾಗಿಯೂ ಹಾಗೇ ಅನಿಸಿತ್ತು. ಬಾಯಮ್ಮನ ಹಾಲಿನಲ್ಲಿ ಮತ್ತೆ ಐದು ಮಕ್ಕಳಾದವು. ನನ್ನ ಮಗಳ ಜಾಗಕ್ಕೆ ಎರಡನೇ ಮಾಳಿಗೆಯ ಹೊಸ ಮಗು ಬಂತು. ನಾನು ಸಂಜೆ ಮೆಟ್ಟಿಲು ಹತ್ತುವಾಗ ಆ ಗಲಾಟೆ ಕೇಳಿದರೆ ಬೇಗಬೇಗ ನಮ್ಮ ಬಾಗಿಲು ಸೇರುತ್ತಿದ್ದೆ.

ಮತ್ತೆ ನವೆಂಬರ್ ಬಂತು. ಟೆರೇಸಿನಲ್ಲಿ ಹಾಜಿಯವರು ಎದ್ದು ನಿಂತು, ಒಂದು ಹೊಸ ಅರ್ಹತೆ ಸೇರಿಸಬೇಕು ಅಂದರು. "ಈ ವರ್ಷ ಅಕ್ಕನಿಗೆ ಅನ್ಯಾಯ ಆಯ್ತು. ನ್ಯಾಯ ಹೇಳುವವರಿಗೆ ಬೇರೆಯವರ ಮನೆಯಲ್ಲಿ ಯಾವ ಹಂಗೂ ಇರಬಾರದು. ಇದ್ರೆ ಕಷ್ಟ ಅವರಿಗೇ."

ಎಲ್ಲರೂ ಹೌದು ಹೌದು ಅಂದರು. ಅಂಥವರು ಯಾರು ಅಂತ ಸುತ್ತ ನೋಡಿದರು. ಇವರ ಮಗು ಬಾಯಮ್ಮನ ಹತ್ತಿರ, ಅವರ ಫ್ರಿಜ್ಜು ಇವರ ಮನೆಯಲ್ಲಿ, ಇನ್ನೊಬ್ಬರ ತಮ್ಮ ಮತ್ತೊಬ್ಬರ ಕೋಣೆಯಲ್ಲಿ. ಆಗ ಎರಡನೇ ಮಾಳಿಗೆಯ ಹುಡುಗಿಯೊಬ್ಬಳು, ಆ ಹೊಸ ಮಗುವಿನ ತಾಯಿ, ಸಂತೋಷದಿಂದಲೇ ಹೇಳಿದಳು. "ಅಕ್ಕನೇ ಆಗ್ಬಹುದಲ್ವಾ? ಈಗ ಅವರಿಗೆ ಇಲ್ಲಿ ಯಾರ ಮನೆಯಲ್ಲೂ ಎಂತದೂ ಇಲ್ಲ."

ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕೈಗಳು ಎದ್ದವು. ನರ್ಸಿನ ಕೈ ಅರ್ಧ ಎದ್ದು ಅಲ್ಲೇ ನಿಂತಿತು. ಬಾಯಮ್ಮ ಮಾತ್ರ ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು, ಗಾಳಿಗೆ ಧೂಳು ಬಿದ್ದವರ ಹಾಗೆ ಒರೆಸಿಕೊಂಡೆ. ಬೇಡ ಅನ್ನಲಿಕ್ಕೆ ಕಾರಣವೊಂದು ಆ ಹೊತ್ತಿಗೆ ಹೊಳೆಯಲಿಲ್ಲ. ಬೀಗದ ಕೈ ಹೇಗೂ ನನ್ನ ಪರ್ಸಿನಲ್ಲೇ ಇತ್ತು.

ಕೆಳಗಿಳಿದು ಬಂದು ಮಗಳಿಗೆ ಫೋನು ಮಾಡಿದೆ. ಅಕ್ಕನ ಮನೆಯ ಗದ್ದಲದ ನಡುವೆ ಅವಳ ದನಿ. ಆರು ತಿಂಗಳಲ್ಲಿ ಅವಳ ಇಂಗ್ಲಿಷು ಎಲ್ಲೋ ಹೋಗಿತ್ತು. ನಾನು ಅಷ್ಟು ಬೇಡಿಕೊಂಡಿದ್ದ ಕನ್ನಡ, ಅಕ್ಕನ ಮಕ್ಕಳ ಅದೇ ರಾಗ, ಅದೇ ವೇಗ.

"ಅಮ್ಮ, ನೀನು ಮತ್ತೆ ಗುರಿಕಾರ ಆದ್ಯಂತೆ? ಅಪ್ಪ ದೊಡ್ಡಮ್ಮನಿಗೆ ಮೆಸೇಜ್ ಮಾಡಿದ್ದಾರೆ."

"ಹೌದು."

"ಗುರಿಕಾರ ಆಗ್ಲಿಕ್ಕೆ ಎಂತೆಲ್ಲ ಬೇಕು?"

ಖುಷಿಯಿಂದಲೇ ಹೇಳತೊಡಗಿದೆ. ಸಂಜೆ ಮನೆಯಲ್ಲಿ ಇರಬೇಕು, ಯಾರ ಹಂಗೂ ಇರಬಾರದು, ಬ್ಯಾಚುಲರ್ ಆಗಿರಬಾರದು.

"ಬ್ಯಾಚುಲರ್ ಅಂದ್ರೆ?"

"ಅಂದ್ರೆ, ಮಕ್ಕಳು ಜೊತೆಯಲ್ಲೇ ಇರ್ಬೇಕು. ಊರಲ್ಲಿ ಬಿಟ್ಟು ಬಂದವರು ಆಗುದಿಲ್ಲ."

ಅವಳು ಸ್ವಲ್ಪ ಯೋಚಿಸಿದಳು. ತಪ್ಪು ಹುಡುಕುವ ದನಿಯಲ್ಲ, ಲೆಕ್ಕ ಅರ್ಥವಾಗದ ಮಗುವಿನ ದನಿ.

"ಮತ್ತೆ ನೀನು ಹೇಗೆ ಆದದ್ದು? ನಾನು ಇಲ್ಲಿದ್ದೇನಲ್ಲ?"

ಫೋನಿಟ್ಟು ಹೊರಗೆ ಬಂದೆ. ಹಾಲಿನಲ್ಲಿ ಹಲಗೆಯ ಆಚೆ ಎ.ಸಿ. ಫೋರ್‌ಮನ್ ಮಗನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ, ಯಾವುದೋ ಪರೀಕ್ಷೆಯ ವಿಷಯ. ಅವನನ್ನು ದಾಟಿ ಕೆಳಗಿನ ಮಾಳಿಗೆಗೆ ಹೋಗಿ ಹಾಜಿಯವರ ಬಾಗಿಲು ಬಡಿದೆ. ಬೀಗದ ಕೈಯನ್ನು ಅವರ ಮೇಜಿನ ಮೇಲಿಟ್ಟೆ.

"ಎಂತಾಯ್ತು?" ಅಂದರು ಅವರು.

"ನನಗೆ ಅರ್ಹತೆ ಇಲ್ಲ ಹಾಜಿಯವರೇ."

"ಯಾರು ಹೇಳಿದ್ದು?"

"ಮಗಳು."

ಅವರು ಬೀಗದ ಕೈಯನ್ನು ಮುಟ್ಟಲಿಲ್ಲ, ಹಿಂದಕ್ಕೆ ತಳ್ಳಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರ ಹೆಂಡತಿ ಒಳಗಿನಿಂದ ಚಾ ತಂದು ನನ್ನ ಮುಂದೆ ಇಟ್ಟರು. ಕುಡಿದೆ.